ಆಲ್ಫಾ ಮೈನಸ್ ಬಂದಿದ್ದರೆ ಮೊದಲು ಉಲ್ಟಾ ಹೇಳಿಕೆಗಳನ್ನು ನೋಡಿ
ವ್ಯಕ್ತಿತ್ವ ಅಳೆಯುವ ಕ್ಲೋನಿಂಜರ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದ ಮೇಲೆ ‘ಅಪಾಯದಿಂದ ದೂರವಿರುವ ಸ್ವಭಾವ’ದ ಆಲ್ಫಾ (ಒಂದೇ ಗುಣದ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಂಕಿ) ಮೈನಸ್ ಬಂತು ಅಂದಿರಲ್ಲ, ಬಹುಶಃ ಉಲ್ಟಾ ಅಂಕದ, ಅಂದರೆ ‘ಹೌದು’ ಅಂದರೆ ಆ ಗುಣ ಕಡಿಮೆ ಅಂತ ತೋರಿಸುವ, ಹೇಳಿಕೆಗಳನ್ನು ತಿರುಗಿಸದೇ ಕೂಡಿದ್ದೀರಿ. ಯಾವ ಉತ್ತರಕ್ಕೆ ಎಷ್ಟು ಅಂಕ ಅಂತ ಹೇಳುವ ಸ್ಕೋರಿಂಗ್ ಕೀ ನೋಡಿ ಅವನ್ನು ಗುರುತು ಮಾಡಿ. ಹೌದು–ಇಲ್ಲ ಮಾದರಿಯಾದರೆ 1ನ್ನು 0, 0ಯನ್ನು 1 ಮಾಡಿ, 1ರಿಂದ 5ರ ಮಾದರಿಯಾದರೆ 6ರಿಂದ ಕಳೆಯಿರಿ. ಆಮೇಲೆ ಆಲ್ಫಾ ಮತ್ತೆ ತೆಗೆಯಿರಿ.

ಆಗಲೂ ಕೆಲವು ಹೇಳಿಕೆ ಒಟ್ಟು ಅಂಕದ ವಿರುದ್ಧ ಹೋದರೆ ಅನುವಾದ ಕೈಕೊಟ್ಟಿರಬಹುದು, ಡೇಟಾ ನೋಡದೆ ಖಚಿತವಾಗಿ ಹೇಳಲಾರೆ. ‘ನನಗೆ ಭಯ ಆಗುವುದಿಲ್ಲ’ ಅನ್ನುವುದಕ್ಕೆ ‘ಇಲ್ಲ’ ಅಂತ ಟಿಕ್ ಹಾಕಿ, ‘ಹೂಂ, ಭಯ ಇಲ್ಲ’ ಅನ್ನೋ ಅರ್ಥ ಇಟ್ಟುಕೊಂಡವರನ್ನು ಬೆಂಗಳೂರಿನ ವಿದ್ಯಾರ್ಥಿಗಳಲ್ಲಿ ನಾನೇ ನೋಡಿದ್ದೇನೆ. ಅಂಥ ಹೇಳಿಕೆಗಳನ್ನು ಸುಮ್ನೆ ಕಿತ್ತುಹಾಕಬೇಡಿ, ‘ಧೈರ್ಯವಾಗಿರುತ್ತೇನೆ’ ಅಂತ ಬದಲಿಸಿ ನಾಲ್ಕೈದು ಜನರಿಗೆ ಓದಿಸಿ. ಇದೇ ಪ್ರಶ್ನಾವಳಿಯ ‘ಪಟ್ಟು ಬಿಡದ ಗುಣ’ದ ಆಲ್ಫಾ ಕಡಿಮೆ ಬಂದರೆ ಗಾಬರಿ ಬೇಡ, ಹಳೆಯ ಹೌದು–ಇಲ್ಲ ಮಾದರಿಯ 240 ಹೇಳಿಕೆಗಳಲ್ಲಿ ಅದಕ್ಕಿರುವುದು 8 ಮಾತ್ರ, ಹೇಳಿಕೆ ಕಡಿಮೆ ಇದ್ದರೆ ಆಲ್ಫಾನೂ ಕಡಿಮೆ ಬರಬಹುದು.