‘ಎ ಕಲರ್ ಬಾಕ್ಸ್’ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಬ್ರಿಟನ್ನಿನ ಅಂಚೆ ಇಲಾಖೆಯ ಚಿತ್ರಘಟಕಕ್ಕಾಗಿ ಲೆನ್ ಲೈ 1935ರಲ್ಲಿ ತಯಾರಿಸಿದ ‘ಎ ಕಲರ್ ಬಾಕ್ಸ್’ ಕಿರುಚಿತ್ರದ ಕುರಿತು ನೀವು ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ವಿಷಯದ ಆಯ್ಕೆ ಒಳ್ಳೆಯದು. ಆದರೆ ಚಿತ್ರವನ್ನು ಕಣ್ಣಿಟ್ಟು ನೋಡಿದವರ ಬರಹದಂತೆ ಅದು ಕಾಣುವುದಿಲ್ಲ.

‘ಬಣ್ಣಗಳ ಮಾಯಾಲೋಕ’ ಎಂದು ಮತ್ತೆ ಮತ್ತೆ ಬರೆದಿದ್ದೀರಿ, ಆ ಬಣ್ಣ ತೆರೆಗೆ ಬಂದದ್ದು ಹೇಗೆಂದು ಎಲ್ಲಿಯೂ ಹೇಳಿಲ್ಲ. ಲೈ ಕ್ಯಾಮೆರಾವನ್ನು ಮುಟ್ಟದೆ ಫಿಲ್ಮಿನ ಮೇಲೆಯೇ ಬಣ್ಣ ಬಳಿದರು. ಹಾಗೆ ಪಟ್ಟಿಯುದ್ದಕ್ಕೂ ಎಳೆದ ಗೆರೆಯೊಂದು ಪ್ರತಿ ಫ್ರೇಮಿನಲ್ಲಿಯೂ ಕೂದಲೆಳೆಯಷ್ಟು ಆಚೀಚೆ ಸರಿದಿರುತ್ತದೆ. ಸೆಕೆಂಡಿಗೆ 24 ಫ್ರೇಮುಗಳ ವೇಗದಲ್ಲಿ ಓಡಿಸಿದಾಗ ಅದು ತೆರೆಯ ಮೇಲೆ ನಡುಗುತ್ತದೆ. ಚಿತ್ರದ ಜೀವಂತಿಕೆ ಈ ನಡುಕದಲ್ಲಿದೆ. ಚಿತ್ರಮಂದಿರಗಳಿಗೆ ಹೋದದ್ದು ಹೀಗೆ ಬಣ್ಣ ಬಳಿದ ಫಿಲ್ಮಿನಿಂದ ಡುಫೇಕಲರ್ ಎಂಬ ವರ್ಣಫಿಲ್ಮ್ ವಿಧಾನದಲ್ಲಿ ತೆಗೆದ ಪ್ರತಿಗಳು.

ಧ್ವನಿಯನ್ನಂತೂ ‘ಸಂಗೀತಕ್ಕೆ ಬಣ್ಣಗಳು ಕುಣಿಯುತ್ತವೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಪ್ರೊಜೆಕ್ಟರಿನಲ್ಲಿ ಚಿತ್ರ ತಡೆತಡೆದು ಸಾಗಬೇಕು, ಧ್ವನಿ ಎಡೆಬಿಡದೆ ಓಡಬೇಕು; ಆದ್ದರಿಂದ ಒಂದು ಫ್ರೇಮಿಗೆ ಸೇರಿದ ಧ್ವನಿಯನ್ನು ಪಟ್ಟಿಯ ಅಂಚಿನಲ್ಲಿ ಸುಮಾರು 20 ಫ್ರೇಮುಗಳಷ್ಟು ಮುಂದಕ್ಕೆ ಅಚ್ಚು ಮಾಡಿರುತ್ತಾರೆ. ಅಂಥ ಪ್ರತಿಯಲ್ಲಿ ಪಕ್ಕದ ಧ್ವನಿಪಟ್ಟಿಯನ್ನೇ ನೆಚ್ಚಿ ಬಣ್ಣ ಹಾಕಿದರೆ ಹೆಚ್ಚುಕಡಿಮೆ ಒಂದು ಸೆಕೆಂಡಿನಷ್ಟು ತಾಳ ತಪ್ಪುತ್ತದೆ. ಡಾನ್ ಬರೆಟೋ ವಾದ್ಯವೃಂದದ ನೃತ್ಯಸಂಗೀತವನ್ನು ಚಿತ್ರಕ್ಕೆ ಹೊಂದಿಸಿದವರು ಜ್ಯಾಕ್ ಎಲಿಟ್. ಅವರ ಹೆಸರೇ ನಿಮ್ಮ ಲೇಖನದಲ್ಲಿಲ್ಲ.

‘ಬ್ರಿಟನ್ನಿನ ಮೊಟ್ಟಮೊದಲ ವರ್ಣಚಿತ್ರ’ ಎಂಬ ಮಾತನ್ನು ತೆಗೆಯಿರಿ. ಬ್ರಿಟನ್ನಿನದೇ ಆದ ಕೈನೆಮಾಕಲರ್ ಎಂಬ ವರ್ಣಚಿತ್ರ ವಿಧಾನದಲ್ಲಿ 1911ರ ದೆಹಲಿ ದರ್ಬಾರನ್ನೇ ಬಣ್ಣದಲ್ಲಿ ಚಿತ್ರೀಕರಿಸಿದ್ದರು. (ನಮ್ಮ ಓದುಗರಿಗೆ ನಿಮ್ಮ ಮೊದಲ ಪುಟಕ್ಕಿಂತ ಈ ಸಂಗತಿಯೇ ಹೆಚ್ಚು ರುಚಿಸೀತು.) ಲೈ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ ಎಂಬುದನ್ನೂ ಸೇರಿಸಿ, ಉಳಿದ ಜೀವನಚರಿತ್ರೆ ಇಲ್ಲಿ ಬೇಡ.

ಕೊನೆಗೆ ಬರುವ ಅಗ್ಗದ ಪಾರ್ಸೆಲ್ ಅಂಚೆಯ ಜಾಹೀರಾತನ್ನು ನೀವು ‘ಕಲೆಗೆ ಅಂಟಿದ ಕಳಂಕ’ ಎಂದಿದ್ದೀರಿ. ನಾನು ಒಪ್ಪುವುದಿಲ್ಲ. ಆ ಅಕ್ಷರಗಳೂ ಅದೇ ಬಣ್ಣಗಳ ನಡುವೆ, ಅದೇ ಸಂಗೀತದೊಡನೆ ಬರುತ್ತವೆ. ಮೇಲಾಗಿ, ಅಂಚೆ ಇಲಾಖೆಯ ಹಣವಿಲ್ಲದಿದ್ದರೆ ಈ ನಾಲ್ಕು ನಿಮಿಷಗಳ ಚಿತ್ರ ಚಿತ್ರಮಂದಿರ ಸೇರುತ್ತಿದ್ದುದೇ ಅನುಮಾನ. ನಿಮ್ಮ ಆಕ್ಷೇಪ ಉಳಿಯಬೇಕಾದರೆ ಆ ಭಾಗವನ್ನು ಇನ್ನೊಮ್ಮೆ ನೋಡಿ, ಅಕ್ಷರಗಳು ಬಂದಾಗ ತಾಳ ಎಲ್ಲಿ ಸಡಿಲವಾಯಿತೆಂದು ತೋರಿಸಿ ಬರೆಯಿರಿ. ಪರಿಷ್ಕೃತ ಲೇಖನವನ್ನು ಖಂಡಿತ ಓದುತ್ತೇನೆ.

ಇತಿ,
ಸಂಪಾದಕ