ಹೋಟೆಲ್ ಹಳೆಯದು, ಸರಿ, ನಿಮ್ಮ ಕೋಣೆ?

ಆಗ್ನೇಯ ಏಷ್ಯಾಕ್ಕೆ ಹೊರಟ ಓದುಗರು ಈ ಸಲ ಕಳಿಸಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಉಳಿದುಕೊಳ್ಳುವ ಜಾಗದ ಬಗ್ಗೆಯೇ ಇವೆ. ಯಾವ ಊರಿಗೆ ಹೋದರೂ ಒಂದೇ ಥರ ಕಾಣುವ ದುಬಾರಿ ಹೋಟೆಲ್ ಬೇಡ, ಆ ಊರಿನದೇ ಎನಿಸುವಂಥದ್ದು ಬೇಕು, ಕೊಟ್ಟ ಹಣಕ್ಕೆ ಮೋಸವಾಗಬಾರದು ಎಂಬುದು ಎಲ್ಲರ ಆಸೆ.

ಪ್ರಶ್ನೆ: ಹನೋಯ್, ಬ್ಯಾಂಕಾಕ್, ಮಲೇಷ್ಯಾದ ಪೆನಾಂಗ್ ಮೂರೂ ಕಡೆ ನೂರು ವರ್ಷ ದಾಟಿದ ಹೋಟೆಲ್‌ಗಳಲ್ಲೇ ಉಳಿಯಬೇಕೆಂದಿದ್ದೇವೆ. ಒಂದೇ ಹೋಟೆಲ್ಲಿನ ಕೋಣೆಗಳಿಗೆ ಬೇರೆ ಬೇರೆ ಬೆಲೆ ಇದೆ. ಕಡಿಮೆಯದನ್ನು ಹಿಡಿದರೆ ಏನು ಕಳೆದುಕೊಳ್ಳುತ್ತೇವೆ?

ಬಹಳ ಸಲ, ಹೋಟೆಲ್ಲಿನ ಹಳೆಯ ಕಟ್ಟಡವನ್ನೇ. ಹೆಸರಾಂತ ಹೋಟೆಲ್‌ಗಳಲ್ಲಿ ಮೂಲ ಕಟ್ಟಡ ಚಿಕ್ಕದು. ಮುಂದೆ ಬೇಡಿಕೆ ಹೆಚ್ಚಿದಂತೆ ಪಕ್ಕದಲ್ಲಿ ಹೊಸ ಭಾಗಗಳನ್ನು ಕಟ್ಟಿದ್ದಾರೆ. ಜಾಹೀರಾತಿನ ಚಿತ್ರ ಹಳೆಯದರದು, ಅಗ್ಗದ ಕೋಣೆ ಹೆಚ್ಚಾಗಿ ಹೊಸದರಲ್ಲಿ.

ಹನೋಯ್‌ನ ಮೆಟ್ರೊಪೋಲ್ 1901ರದು. ಬಿಳಿ ಗೋಡೆ, ಹಸಿರು ಕಿಟಕಿ ಬಾಗಿಲುಗಳ ಹಳೆಯ ಭಾಗದಲ್ಲಿ ಮರದ ನೆಲ ಹಾಸಿದ ಕೋಣೆಗಳಿವೆ. ಒಪೇರಾ ವಿಂಗ್ ಅದಕ್ಕೆ 1990ರ ದಶಕದಲ್ಲಿ ಸೇರಿಸಿದ ಭಾಗ. ಅಚ್ಚುಕಟ್ಟಾಗಿದೆ, ಆದರೆ ಅದರೊಳಗೆ 1901 ಇಲ್ಲ. ಅಂಗಳದ ಬಾರ್ ನವೀಕರಿಸುವಾಗ 2011ರಲ್ಲಿ ಅದರಡಿ ಯುದ್ಧಕಾಲದ ಬಾಂಬ್ ಆಶ್ರಯತಾಣ ಸಿಕ್ಕಿತು. ಅತಿಥಿಗಳನ್ನು ಅಲ್ಲಿಗೆ ಕರೆದೊಯ್ದು ತೋರಿಸುತ್ತಾರೆ. ಯಾವ ಭಾಗದಲ್ಲಿ ಉಳಿದಿದ್ದರೂ ಇದನ್ನು ತಪ್ಪಿಸಿಕೊಳ್ಳಬೇಡಿ.

ಪೆನಾಂಗ್‌ನ ಈಸ್ಟರ್ನ್ ಅಂಡ್ ಓರಿಯೆಂಟಲ್ ಅನ್ನು 1885ರಲ್ಲಿ ಶುರುಮಾಡಿದವರು ಆರ್ಮೇನಿಯನ್ ಮೂಲದ ಸಾರ್ಕೀಸ್ ಸಹೋದರರು. ಎರಡು ವರ್ಷ ಬಿಟ್ಟು ಸಿಂಗಪುರದಲ್ಲಿ ರಾಫಲ್ಸ್ ತೆರೆದವರೂ ಅವರೇ. ಇಲ್ಲಿ ಹೆರಿಟೇಜ್ ವಿಂಗ್ ಹಳೆಯದು, ವಿಕ್ಟರಿ ಆನೆಕ್ಸ್ ಹೊಸದು. ಬ್ಯಾಂಕಾಕ್‌ನ ಮ್ಯಾಂಡರಿನ್ ಓರಿಯೆಂಟಲ್ ತನ್ನ ಚರಿತ್ರೆಯನ್ನು 1876ರಿಂದ ಹೇಳುತ್ತದೆ, ಆದರೆ ಅದರ ಬಹುಪಾಲು ಕೋಣೆಗಳು ರಿವರ್ ವಿಂಗ್ ಎಂಬ ಬಹುಮಹಡಿ ಕಟ್ಟಡದಲ್ಲಿವೆ. ಹಳೆಯ ಆಥರ್ಸ್ ವಿಂಗ್‌ನಲ್ಲಿ ಇರುವುದು ಬೆರಳೆಣಿಕೆಯ ಸೂಟ್‌ಗಳು, ಬೆಲೆ ವಿಪರೀತ. ಹಾಗಾಗಿ ಬ್ಯಾಂಕಾಕ್‌ನಲ್ಲಿ ನಮ್ಮ ಸಲಹೆ ಬೇರೆ: ರಿವರ್ ವಿಂಗ್‌ನಲ್ಲಿ ನದಿ ಕಾಣುವ ಕೋಣೆ ಹಿಡಿದು, ಹಳೆಯ ಕಟ್ಟಡವನ್ನು ಆಥರ್ಸ್ ಲೌಂಜ್‌ನ ಮಧ್ಯಾಹ್ನದ ಚಹಾದಲ್ಲಿ ಸವಿಯಿರಿ.

ಬುಕಿಂಗ್ ತಾಣದಲ್ಲಿ ‘ಡಿಲಕ್ಸ್’, ‘ಪ್ರೀಮಿಯಂ’ ಎಂಬ ಪದಗಳಿಂದ ಕೋಣೆ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಹೋಟೆಲ್ಲಿಗೇ ಇಮೇಲ್ ಬರೆದು ಮೂರು ಮಾತು ಕೇಳಿ: ಈ ದರ್ಜೆಯ ಕೋಣೆಗಳು ಯಾವ ಕಟ್ಟಡದಲ್ಲಿವೆ? ಕಿಟಕಿ ಯಾವ ಕಡೆಗೆ ತೆರೆಯುತ್ತದೆ? ಕೋಣೆಗಳನ್ನು ಕೊನೆಯ ಸಲ ನವೀಕರಿಸಿದ್ದು ಯಾವ ವರ್ಷ? ಬಂದ ಉತ್ತರವನ್ನು ಬುಕಿಂಗ್ ಟಿಪ್ಪಣಿಯಲ್ಲಿ ಸೇರಿಸಲು ಹೇಳಿ. ಕೌಂಟರಿನಲ್ಲಿ ಮಾತು ಬದಲಾದರೆ ಅದೇ ನಿಮ್ಮ ಆಧಾರ.

ಪ್ರಶ್ನೆ: ಪೆನಾಂಗ್‌ನ ಜಾರ್ಜ್‌ಟೌನ್‌ನಲ್ಲಿ ಹಳೆಯ ಅಂಗಡಿ-ಮನೆಗಳನ್ನು ಹೋಟೆಲ್ ಮಾಡಿದ್ದಾರಂತೆ. ಚಿತ್ರಗಳು ಸೊಗಸಾಗಿವೆ, ಆದರೆ ಕೆಲವರು ‘ಕತ್ತಲೆ’, ‘ಮುಗ್ಗಲು ವಾಸನೆ’, ‘ಗದ್ದಲ’ ಎಂದು ಬರೆದಿದ್ದಾರೆ. ನಂಬಬೇಕೇ?

ನಂಬಿ, ಆದರೆ ಯಾವ ಕೋಣೆಯ ಬಗ್ಗೆ ಬರೆದದ್ದು ಎಂದು ನೋಡಿ. ಶಾಪ್‌ಹೌಸ್, ಅಂದರೆ ಈ ಅಂಗಡಿ-ಮನೆ, ಎನ್ನುವುದು ಬೀದಿಗೆ ಕಿರಿದಾಗಿ ಮುಖಮಾಡಿ, ಹಿಂದಕ್ಕೆ ಉದ್ದವಾಗಿ ಚಾಚಿದ ಮನೆ. ಎರಡೂ ಪಕ್ಕದ ಗೋಡೆಗಳು ನೆರೆಮನೆಗೆ ಅಂಟಿಕೊಂಡಿರುವುದರಿಂದ ಅಲ್ಲಿ ಕಿಟಕಿ ಇಡಲಾಗದು. ಗಾಳಿ-ಬೆಳಕು ಬರುವುದು ಮುಂದಿನಿಂದ, ಹಿಂದಿನಿಂದ ಮತ್ತು ನಡುವಿನ ತೆರೆದ ತೊಟ್ಟಿಯಿಂದ. ಬೀದಿಯ ಕಡೆಯ ಕೋಣೆಗೆ ಒಳ್ಳೆಯ ಬೆಳಕು, ಜೊತೆಗೆ ರಾತ್ರಿ ಹನ್ನೊಂದರವರೆಗೂ ಬೈಕುಗಳ ಸದ್ದು. ತೊಟ್ಟಿಗೆ ತೆರೆಯುವ ಕೋಣೆ ತಂಪು. ಆದರೆ ಕೆಳಗೆ ಯಾರಾದರೂ ಮಾತಾಡಿದರೆ ಮೇಲಿನವರಿಗೂ ಕೇಳುತ್ತದೆ, ಪರದೆ ಸರಿಸಿದರೆ ಎದುರಿನ ಮೊಗಸಾಲೆಯವರಿಗೆ ನಿಮ್ಮ ಮಂಚ ಕಾಣುತ್ತದೆ. ನಿದ್ದೆ ಮುಖ್ಯವೆನ್ನುವವರು ಹಿಂಬದಿಯ ಮೇಲ್ಮಹಡಿ ಕೇಳಿ.

ವಾಸನೆಗೆ ಕಾರಣ ಗೋಡೆಯಲ್ಲಿದೆ. ಹಳೆಯ ಇಟ್ಟಿಗೆ ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆ ಇದ್ದಲ್ಲಿ ಆ ತೇವ ಆವಿಯಾಗಿ ಹೊರಹೋಗುತ್ತದೆ; ಮೇಲೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಬಣ್ಣ ಹೊಡೆದರೆ ಒಳಗೇ ಸಿಕ್ಕಿಬಿದ್ದು, ಉಪ್ಪು ಹೊಮ್ಮಿ, ಬಣ್ಣ ಹಪ್ಪಳದ ಹಾಗೆ ಎದ್ದುಬರುತ್ತದೆ. ಅತಿಥಿಗಳು ಹಾಕಿದ ಫೋಟೋಗಳಲ್ಲಿ ಮಂಚದ ಹಿಂದಿನ ಗೋಡೆಯ ಬುಡ ನೋಡಿ. ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿದ್ದರೆ, ಕಲೆ ಅಡ್ಡಗೆರೆಯಾಗಿ ನಿಂತಿದ್ದರೆ, ಆ ಹೋಟೆಲ್ಲಿನ ನೆಲಮಹಡಿಯ ಕೋಣೆ ಬೇಡ. ಮೇಲ್ಮಹಡಿಗೆ ಈ ತೊಂದರೆ ಅಪರೂಪ.

ಜಾರ್ಜ್‌ಟೌನ್‌ನಲ್ಲೇ ಹೋಟೆಲ್ ಆಗಿರುವ ಚಿಯೊಂಗ್ ಫಟ್ ಟ್ಸೆ ಭವನದಂಥ ನೀಲಿ ಬಣ್ಣದ ಮನೆ ಇನ್ನೊಂದಿಲ್ಲ, ಹದಿನೆಂಟೇ ಕೋಣೆ. ಹಗಲಿನಲ್ಲಿ ಹೊರಗಿನವರಿಗೂ ಟಿಕೆಟ್ ಕೊಟ್ಟು ಮನೆ ತೋರಿಸುತ್ತಾರೆ. ಆ ಹೊತ್ತಿನಲ್ಲಿ ನೀವು ಊರು ಸುತ್ತಲು ಹೋಗಿದ್ದು, ಜನ ಕರಗಿದ ಮೇಲೆ ಬಂದು ಅಂಗಳದಲ್ಲಿ ಕೂತರೆ ಆ ಮನೆ ನಿಮ್ಮದೇ ಎನಿಸುತ್ತದೆ.

ಹನೋಯ್‌ನ ಹಳೆಯ ಪೇಟೆಗೂ ಇದೇ ಲೆಕ್ಕ. ಅಲ್ಲಿನ ಕೊಳವೆ-ಮನೆಗಳು ಮೂರು-ನಾಲ್ಕು ಮೀಟರ್ ಅಗಲವಷ್ಟೇ ಇರುವುದುಂಟು. ಸಣ್ಣ ಹೋಟೆಲ್‌ಗಳ ಅತಿ ಅಗ್ಗದ ಕೋಣೆಗೆ ಕಿಟಕಿಯೇ ಇರುವುದಿಲ್ಲ. ಚಿತ್ರದಲ್ಲಿ ಪರದೆ ಇದ್ದ ಮಾತ್ರಕ್ಕೆ ಅದರ ಹಿಂದೆ ಕಿಟಕಿ ಇದೆಯೆಂದು ತಿಳಿಯಬೇಡಿ.

ಪ್ರಶ್ನೆ: ವಿಶಾಲ ಎಂದು ಬರೆದ ಕೋಣೆ ಎಷ್ಟು ವಿಶಾಲ ಎಂದು ಚಿತ್ರದಲ್ಲೇ ತಿಳಿಯುವುದು ಹೇಗೆ?

ಮಂಚವನ್ನು ಅಳತೆಗೋಲು ಮಾಡಿಕೊಳ್ಳಿ. ಕಿಂಗ್ ಮಂಚ ಸಾಮಾನ್ಯವಾಗಿ 180 ಸೆಂಟಿಮೀಟರ್ ಅಗಲ, 200 ಉದ್ದ. ಗೋಡೆಯಿಂದ ಗೋಡೆಗೆ ಎರಡು ಮಂಚದಗಲ ಹಿಡಿಸಿದರೆ ಕೋಣೆ 3.6 ಮೀಟರ್. ವೈಡ್ ಲೆನ್ಸ್ ಇದ್ದರೆ ಚಿತ್ರದ ಅಂಚುಗಳು ಹಿಗ್ಗುತ್ತವೆ, ಆದ್ದರಿಂದ ಅಂಚಿನಲ್ಲಿರುವ ಕುರ್ಚಿ-ಮೇಜನ್ನು ನಂಬಬೇಡಿ. 20 ಚದರ ಮೀಟರಿನಲ್ಲಿ ಇಬ್ಬರು ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ಬಿಚ್ಚಿಡಲಾರರು, 28ಕ್ಕೆ ಉಸಿರಾಡಬಹುದು, 40 ಇದ್ದರೆ ಮಳೆಯ ಮಧ್ಯಾಹ್ನವನ್ನೂ ಒಳಗೆ ಸುಖವಾಗಿ ಕಳೆಯಬಹುದು. ಆ ಸಂಖ್ಯೆಯಲ್ಲಿ ಬಾಲ್ಕನಿಯೂ ಸೇರಿದೆಯೇ ಎಂದು ಕೇಳುವುದನ್ನು ಮರೆಯಬೇಡಿ, ರೆಸಾರ್ಟ್‌ಗಳಲ್ಲಿ ಸೇರಿಸಿ ಹೇಳುವುದು ಮಾಮೂಲು.

ಪ್ರಶ್ನೆ: ಬಾಲಿಯ ಉಬುದ್‌ನಲ್ಲಿ ಹಳೆಯ ಮರದ ಮನೆಯ ವಿಲ್ಲಾ ನೋಡಿದ್ದೇವೆ. ಜೊತೆಗೆ ಅಮ್ಮ ಇದ್ದಾರೆ, ಅವರಿಗೆ ಮೊಣಕಾಲು ನೋವು.

ಮರದ ಮನೆ ಎಂದರೆ ಬಹುಶಃ ಜೋಗ್ಲೊ. ಇದು ಜಾವಾದ ಮನೆ; ಬಿಚ್ಚಿ ತಂದು ಬಾಲಿಯಲ್ಲಿ ಮತ್ತೆ ಜೋಡಿಸಿದ್ದು. ನಡುವೆ ನಾಲ್ಕು ತೇಗದ ಕಂಬ, ಅವುಗಳ ಮೇಲೆ ಒಂದರ ಮೇಲೊಂದು ಪೇರಿಸಿದ ಕೆತ್ತನೆಯ ತೊಲೆಗಳು, ಮೇಲೆ ಕಡಿದಾದ ಮಾಡು. ಮಲಗಿಕೊಂಡು ಆ ತೊಲೆಗಳನ್ನು ನೋಡುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಹಲಗೆಗಳ ನಡುವೆ ಸಂದಿ ಇರುತ್ತದೆ. ಎಸಿಯ ತಂಪು ಅದರಲ್ಲಿ ಸೋರಿಹೋಗುತ್ತದೆ, ಸೊಳ್ಳೆ ಒಳಗೆ ಬರುತ್ತದೆ. ಮಂಚಕ್ಕೆ ಸೊಳ್ಳೆಪರದೆ ಇದೆಯೇ, ಮಾಡಿನಡಿ ಒಳಚಾವಣಿ ಹಾಕಿ ಮುಚ್ಚಿದ್ದಾರೆಯೇ ಎಂದು ಕೇಳಿ. ಸ್ನಾನದ ಮನೆ ಅರ್ಧ ಬಯಲಿನಲ್ಲಿರುವುದು ಅಲ್ಲಿ ಸಾಮಾನ್ಯ. ಹಲ್ಲಿಗೆ ಹೆದರುವವರು ಇದನ್ನು ಮೊದಲೇ ತಿಳಿದಿರಲಿ.

ಅಮ್ಮನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಉಬುದ್‌ನ ಅತ್ಯಂತ ಸುಂದರ ಹೋಟೆಲ್‌ಗಳು ನದಿ ಕಣಿವೆಯ ಅಂಚಿನಲ್ಲಿವೆ. ಸ್ವಾಗತ ಮೇಜು ಮೇಲೆ, ವಿಲ್ಲಾಗಳು ಇಳಿಜಾರಿನಲ್ಲಿ, ಈಜುಕೊಳ ಇನ್ನೂ ಕೆಳಗೆ. ‘ಮೆಟ್ಟಿಲು ಇವೆಯೇ’ ಎಂದು ಕೇಳಿದರೆ ‘ಸ್ವಲ್ಪ’ ಎನ್ನುತ್ತಾರೆ. ಸಂಖ್ಯೆ ಕೇಳಿ: ಸ್ವಾಗತ ಮೇಜಿನಿಂದ ಕೋಣೆಗೆ ಎಷ್ಟು ಮೆಟ್ಟಿಲು, ಕೋಣೆಯಿಂದ ತಿಂಡಿಯ ಜಾಗಕ್ಕೆ ಎಷ್ಟು, ಬಗ್ಗಿ ಗಾಡಿ ಬಾಗಿಲವರೆಗೆ ಬರುತ್ತದೆಯೇ. ಷವರ್ ನೆಲಮಟ್ಟದಲ್ಲಿದೆಯೇ ಅಥವಾ ಸ್ನಾನದ ತೊಟ್ಟಿಯೊಳಗೆ ಕಾಲೆತ್ತಿ ಇಳಿಯಬೇಕೇ ಎಂಬುದನ್ನೂ ಸೇರಿಸಿ. ಗದ್ದೆಯ ಬಯಲಿನಲ್ಲಿರುವ, ಸಮತಟ್ಟಾದ ಹೋಟೆಲ್ ಸಿಕ್ಕರೆ ಕಣಿವೆಯ ನೋಟವನ್ನು ಬಿಟ್ಟುಕೊಡಿ. ಅಮ್ಮ ಮೂರು ದಿನ ಕೋಣೆಯಲ್ಲೇ ಕೂರುವಂತಾದರೆ ಆ ನೋಟದಿಂದ ಏನು ಬಂತು? ಗದ್ದೆಯಾದರೂ ನಾಟಿ-ಕೊಯ್ಲಿನ ಸರದಿಯಂತೆ ಬದಲಾಗುತ್ತದೆ. ಕೊಯ್ಲಾದ ವಾರ ಹೋದರೆ ಕಾಣುವುದು ಕೂಳೆ.

ಪ್ರಶ್ನೆ: ತೋರಿಸಿದ ದರಕ್ಕೂ ಕೊನೆಯ ಬಿಲ್ಲಿಗೂ ಇಷ್ಟು ಅಂತರ ಏಕೆ?

ದರದ ಮುಂದಿನ ಎರಡು ಪ್ಲಸ್ ಗುರುತುಗಳಿಂದ. ಒಂದು ಸೇವಾ ಶುಲ್ಕ, ಇನ್ನೊಂದು ತೆರಿಗೆ. ತೆರಿಗೆಯನ್ನು ಸೇವಾ ಶುಲ್ಕ ಕೂಡಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಥಾಯ್ಲೆಂಡ್‌ನಲ್ಲಿ 10,000 ಬಾತ್‌ನ ಕೋಣೆಗೆ ಶೇ 10 ಸೇರಿ 11,000, ಅದರ ಮೇಲೆ ಶೇ 7 ಸೇರಿ 11,770 ಆಗುತ್ತದೆ. ಸಿಂಗಪುರದಲ್ಲಿ 2024ರಿಂದ ತೆರಿಗೆ ಶೇ 9. ಅಲ್ಲಿನ 500 ಡಾಲರ್ ಕೊನೆಗೆ 599.50. ಬಾಲಿಯಲ್ಲಿ ಎರಡೂ ಸೇರಿ ಶೇ 21 ಏರುವುದು ವಾಡಿಕೆ. ಮಲೇಷ್ಯಾದಲ್ಲಿ ವಿದೇಶಿಯರಿಗೆ ಕೋಣೆಗೆ ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಬೇರೆ. ಎರಡು ಹೋಟೆಲ್ ಹೋಲಿಸುವ ಮುನ್ನ ಎರಡನ್ನೂ ಕೊನೆಯ ಮೊತ್ತಕ್ಕೆ ತನ್ನಿ.

ಡಿಸೆಂಬರ್ 24 ಅಥವಾ 31ರ ರಾತ್ರಿ ಉಳಿಯುವವರು ಷರತ್ತುಗಳನ್ನು ಕೊನೆಯ ಸಾಲಿನವರೆಗೆ ಓದಿ. ಥಾಯ್ಲೆಂಡ್, ಬಾಲಿಯ ಅನೇಕ ರೆಸಾರ್ಟ್‌ಗಳು ಆ ರಾತ್ರಿಗಳ ಗಾಲಾ ಊಟವನ್ನು ಕಡ್ಡಾಯ ಮಾಡಿ, ತಲೆಗಿಷ್ಟು ಎಂದು ಪ್ರತ್ಯೇಕ ಹಣ ಹಿಡಿಯುತ್ತವೆ.

ಪ್ರಶ್ನೆ: ನವೆಂಬರ್‌ನಲ್ಲಿ ರಜೆ. ವಿಯೆಟ್ನಾಂನ ಹೋಯಿ ಆನ್ ಅಥವಾ ಥಾಯ್ಲೆಂಡ್‌ನ ಕೊಹ್ ಸಮುಯಿ ದ್ವೀಪ ಯೋಚಿಸುತ್ತಿದ್ದೇವೆ.

ಎರಡೂ ಬೇಡ. ಹೋಯಿ ಆನ್‌ನಲ್ಲಿ ಅಕ್ಟೋಬರ್-ನವೆಂಬರ್ ನೆರೆಯ ತಿಂಗಳುಗಳು. ಥು ಬೋನ್ ನದಿ ಉಕ್ಕಿ ಹಳೆಯ ಊರಿನ ಬೀದಿಗೆ ನೀರು ನುಗ್ಗುತ್ತದೆ. ಸಮುಯಿಗೂ ಜೋರು ಮಳೆ ಆಗಲೇ. ಆ ತಿಂಗಳಲ್ಲಿ ದರ ಇಳಿದಿರುವುದಕ್ಕೆ ಕಾರಣವೇ ಅದು. ಕಾಂಬೋಡಿಯಾದ ಸಿಯೆಮ್ ರೀಪ್ ಅಥವಾ ಲಾವೋಸ್‌ನ ಲುವಾಂಗ್ ಪ್ರಬಾಂಗ್ ಹಿಡಿಯಿರಿ, ಎರಡಕ್ಕೂ ಒಳ್ಳೆಯ ಕಾಲ ಅಲ್ಲಿಂದ ಶುರು.

ಸಿಯೆಮ್ ರೀಪ್‌ನಲ್ಲಿ ರಾಫಲ್ಸ್ ಗ್ರ್ಯಾಂಡ್ ಹೋಟೆಲ್ 1932ರದು. ಅಮನ್‌ಸಾರಾ ಹೋಟೆಲ್ ಕಾಂಬೋಡಿಯಾವನ್ನು ಆಳುತ್ತಿದ್ದ ಸಿಹಾನೂಕ್ ಕಾಲದಲ್ಲಿ, 1962ರಲ್ಲಿ, ರಾಜ ಅತಿಥಿಗಳಿಗೆಂದು ಕಟ್ಟಿದ ಮನೆ. ತಗ್ಗಿನ ಚಾವಣಿ, ನೇರ ಗೆರೆಗಳ ಆ ಕಾಲದ ಆಧುನಿಕ ಶೈಲಿ, 24 ಸೂಟ್. ಅಂಗ್ಕೋರ್ ಎಂದರೆ ಕೆತ್ತಿದ ಕಲ್ಲಷ್ಟೇ ನೆನೆಯುವವರಿಗೆ ಕಾಂಬೋಡಿಯಾದ ಇನ್ನೊಂದು ಮುಖ ಇಲ್ಲಿ ಕಾಣುತ್ತದೆ. 2023ರ ಅಕ್ಟೋಬರ್‌ನಿಂದ ವಿಮಾನಗಳು ಊರಿಂದ ದೂರದ ಹೊಸ ನಿಲ್ದಾಣಕ್ಕೆ ಇಳಿಯುತ್ತವೆ, ಒಂದು ಗಂಟೆಯ ದಾರಿ ಲೆಕ್ಕ ಹಾಕಿ. ಲುವಾಂಗ್ ಪ್ರಬಾಂಗ್‌ನ ಅಮಂತಾಕಾ ಹೋಟೆಲ್ ಹಿಂದೆ ಫ್ರೆಂಚರ ಕಾಲದ ಆಸ್ಪತ್ರೆ. ಎತ್ತರದ ಕೋಣೆ, ಅಗಲ ಜಗಲಿ ಬಂದದ್ದು ಅಲ್ಲಿಂದಲೇ. ಆದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಬೆಟ್ಟಗಳಲ್ಲಿ ಹೊಲಕ್ಕೆ ಬೆಂಕಿ ಹಾಕುವುದರಿಂದ ಊರೆಲ್ಲ ಹೊಗೆ. ಆಗ ನದಿ ನೋಟಕ್ಕೆಂದು ಹೆಚ್ಚು ಹಣ ಕೊಡಬೇಡಿ, ಆಚೆ ದಡವೇ ಮಸುಕು.

ಮಾರ್ಚ್‌ನಲ್ಲಿ ಬಾಲಿಗೆ ಹೋಗುವವರು ನ್ಯೆಪಿ, ಅಂದರೆ ಅಲ್ಲಿನವರು ಮೌನ ಆಚರಿಸುವ ಹೊಸ ವರ್ಷದ ದಿನ, ಯಾವುದೆಂದು ನೋಡಿಕೊಳ್ಳಿ. ಅಂದು 24 ಗಂಟೆ ವಿಮಾನ ನಿಲ್ದಾಣ ಮುಚ್ಚಿರುತ್ತದೆ, ಹೋಟೆಲ್ ಆವರಣ ಬಿಟ್ಟು ಹೊರಹೋಗುವಂತಿಲ್ಲ, ರಾತ್ರಿ ದೀಪವೂ ಕಡಿಮೆ. ಆ ಒಂದು ದಿನಕ್ಕಾದರೂ ತೋಟವಿರುವ ಹೋಟೆಲ್ ಇರಲಿ. ಆ ಕತ್ತಲಲ್ಲಿ ಕಾಣುವ ನಕ್ಷತ್ರಗಳಿಗಾಗಿಯೇ ತಾರೀಖು ಹೊಂದಿಸಿಕೊಂಡು ಹೋದರೂ ತಪ್ಪಿಲ್ಲ.

ಪ್ರಶ್ನೆ: ಹನ್ನೆರಡು ರಾತ್ರಿ, ಎಲ್ಲ ಕಡೆಯೂ ದುಬಾರಿ ಹೋಟೆಲ್ ಸಾಧ್ಯವಿಲ್ಲ. ಎಲ್ಲಿ ಹೆಚ್ಚು ಖರ್ಚು ಮಾಡಲಿ?

ಕೋಣೆಯಲ್ಲಿ ಹೆಚ್ಚು ಹೊತ್ತು ಇರುವ ಊರಿನಲ್ಲಿ. ಹನೋಯ್, ಬ್ಯಾಂಕಾಕ್‌ನಲ್ಲಿ ಬೆಳಿಗ್ಗೆ ಹೊರಟರೆ ರಾತ್ರಿಗೆ ಬರುತ್ತೀರಿ. ಅಲ್ಲಿ ಶುಚಿಯಾದ, ಊರ ನಡುವಿನ ಸಣ್ಣ ಹೋಟೆಲ್ ಸಾಕು. ಉಬುದ್, ಲುವಾಂಗ್ ಪ್ರಬಾಂಗ್, ಕಡಲತೀರ, ಇವುಗಳಲ್ಲಿ ಹೋಟೆಲ್ಲೇ ಅರ್ಧ ಪ್ರವಾಸ. ನಾವು ಹಂಚುವುದಾದರೆ: ನಗರಕ್ಕೆ ಮೂರು, ಹಳೆಯ ಊರಿಗೆ ನಾಲ್ಕು, ಕೊನೆಗೆ ಒಂದೇ ಒಳ್ಳೆಯ ಜಾಗದಲ್ಲಿ ಐದು ರಾತ್ರಿ. ದುಬಾರಿಯದನ್ನು ಕೊನೆಗಿಡಿ, ಮೊದಲೇ ಅಲ್ಲಿ ಉಳಿದರೆ ಮುಂದಿನ ಕೋಣೆಗಳೆಲ್ಲ ಸಪ್ಪೆ. ಒಂದೇ ರಾತ್ರಿಗೆ ಐಷಾರಾಮಿ ಹೋಟೆಲ್ ಹಿಡಿಯುವುದು ದಂಡ: ಮಧ್ಯಾಹ್ನ ಮೂರಕ್ಕೆ ಒಳಗೆ, ಮರುದಿನ ಹನ್ನೊಂದು-ಹನ್ನೆರಡಕ್ಕೆ ಹೊರಗೆ.

ದ್ವೀಪದ ರೆಸಾರ್ಟ್ ಆದರೆ ಕೊನೆಯ ದೋಣಿ ಎಷ್ಟಕ್ಕೆ ಎಂದು ಮೊದಲು ಕೇಳಿ, ಆಮೇಲೆ ವಿಮಾನ ಬುಕ್ ಮಾಡಿ. ದೋಣಿ ತಪ್ಪಿದರೆ ಬಂದರಿನ ಊರಿನಲ್ಲಿ ಇನ್ನೊಂದು ಕೋಣೆ ಹಿಡಿಯಬೇಕು, ರೆಸಾರ್ಟ್ ಆ ರಾತ್ರಿಯ ಹಣ ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ.

ಪ್ರಶ್ನೆ: ವಿಮಾನ ಬೆಳಗಿನ ಆರಕ್ಕೆ ಇಳಿಯುತ್ತದೆ. ಬೇಗ ಕೋಣೆ ಕೊಡುತ್ತಾರೆಯೇ?

ಹದಿನೈದು-ಇಪ್ಪತ್ತು ಕೋಣೆಯ ಹೋಟೆಲ್ಲಿನಲ್ಲಿ ಹಿಂದಿನ ರಾತ್ರಿ ಖಾಲಿ ಇದ್ದರೆ ಮಾತ್ರ. ಖಚಿತ ಬೇಕಿದ್ದರೆ ಹಿಂದಿನ ರಾತ್ರಿಯನ್ನೂ ಸೇರಿಸಿ ಬುಕ್ ಮಾಡಿ, ಆದರೆ ‘ಬೆಳಿಗ್ಗೆ ಎಂಟಕ್ಕೆ ತಲುಪುತ್ತೇವೆ’ ಎಂದು ಬರೆದು ತಿಳಿಸಿ. ತಿಳಿಸದಿದ್ದರೆ ರಾತ್ರಿ ಬಾರದ ಅತಿಥಿ ಎಂದು ಗುರುತು ಹಾಕಿ ಇಡೀ ಬುಕಿಂಗ್ ರದ್ದು ಮಾಡುವ ಸಾಧ್ಯತೆ ಇದೆ. ಅಷ್ಟು ಹಣ ಬೇಡವೆಂದರೆ ಸಾಮಾನು ಅಲ್ಲಿಟ್ಟು, ಈಜುಕೊಳದ ಪಕ್ಕದ ಸ್ನಾನದ ಕೋಣೆ ಬಳಸಲು ಬಿಡುತ್ತಾರೆಯೇ ಎಂದು ಕೇಳಿ. ಒಳ್ಳೆಯ ಹೋಟೆಲ್‌ಗಳು ಸಾಮಾನ್ಯವಾಗಿ ಟವೆಲ್ ಕೊಟ್ಟೇ ಕಳಿಸುತ್ತವೆ.