ಫೋರ್‌ಕೆ ಕ್ಯಾಮರಾ ಬೇಕು, ಮೂರು ಬೇಡ

ಪತ್ರದ ಸಾರ: ಸಿದ್ದಾಪುರ ತಾಲ್ಲೂಕಿನ ಯಕ್ಷಗಾನ ಸಂಘವೊಂದರ ಕಾರ್ಯದರ್ಶಿಗಳು ಬರೆದಿದ್ದಾರೆ. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ಉತ್ತರ ಕನ್ನಡದ ಯಕ್ಷಗಾನ ಶೈಲಿಯಾದ ಬಡಾಬಡಗಿನ ಹಿರಿಯ ವೇಷಧಾರಿಗಳನ್ನು ಒಟ್ಟುಗೂಡಿಸಿ ಕಾಲಮಿತಿಯ (ಇಡೀ ರಾತ್ರಿಯಲ್ಲದ, ಮೂರೂವರೆ ಗಂಟೆಯ) ಆಟವೊಂದನ್ನು ಆಡಿಸಲಿದ್ದಾರೆ. ಅದನ್ನು ಫೋರ್‌ಕೆ ಎಂಬ ಅತಿ ಸ್ಪಷ್ಟ ಗುಣಮಟ್ಟದಲ್ಲಿ ಚಿತ್ರೀಕರಿಸಲು ಸ್ಟುಡಿಯೋದವರು ಕೇಳಿದ ಹಣ ಆಟದ ವೀಳ್ಯಕ್ಕೆ, ಅಂದರೆ ಕಲಾವಿದರಿಗೆ ಕೊಡುವ ಸಂಭಾವನೆಗೆ, ಸಮವಾಗಿದೆ. "ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದು ದುಂದಲ್ಲವೇ? ಹಾಕುವುದು ಯೂಟ್ಯೂಬಿಗೆ, ನೋಡುವುದು ಅಂಗೈಯಗಲದ ಪರದೆಯಲ್ಲಿ. ಬೆಂಗಳೂರಿನಲ್ಲಿರುವ ಊರ ಹುಡುಗರು ಮಾತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದವರ ಉದಾಹರಣೆ ಕೊಟ್ಟು ಮಾಡಲೇಬೇಕೆಂದು ಹಟ ಹಿಡಿದಿದ್ದಾರೆ. ವಿಡಿಯೋ ಸಿಕ್ಕರೆ ಮುಂದಿನ ವರ್ಷ ಆಟಕ್ಕೆ ಜನ ಬರುವುದಿಲ್ಲ ಎಂಬುದು ನಮ್ಮ ಖಜಾಂಚಿಗಳ ಅಂಜಿಕೆ. ತಾವೇನು ಹೇಳುತ್ತೀರಿ?"

ಮಾನ್ಯ ಕಾರ್ಯದರ್ಶಿಗಳೇ,

ನೀವು ಲಗತ್ತಿಸಿದ ಪಟ್ಟಿಯ ಪ್ರಕಾರ ಖರ್ಚು ಮಾಡಿದರೆ ಖಂಡಿತ ದುಂದು. ಮೂರು ಕ್ಯಾಮರಾ, ಒಂದು ಕ್ರೇನ್, ಒಂದು ಡ್ರೋನ್, ಸಂಕಲನ, ಶೀರ್ಷಿಕೆಗೆ ಗ್ರಾಫಿಕ್ಸ್, ಕೊನೆಗೆ ಒಂದು ಪೆನ್‌ಡ್ರೈವ್. ಧ್ವನಿಮುದ್ರಣದ ಹೆಸರಿನಲ್ಲಿ ಒಂದು ರೂಪಾಯಿಯೂ ಇಲ್ಲ. ಸಭಾಭವನದ ಒಳಗೆ ಆಡುವ ಆಟಕ್ಕೆ ಡ್ರೋನ್ ಏಕೆ ಎಂದು ಯಾರೂ ಕೇಳಿದಂತಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ 'ಬೇಡ' ಎಂದಲ್ಲ. ಚಿತ್ರೀಕರಿಸಿ, ಫೋರ್‌ಕೆಯಲ್ಲಿಯೇ ಚಿತ್ರೀಕರಿಸಿ. ಇಷ್ಟೇ ಹಣವನ್ನು ಬೇರೆ ರೀತಿ ಹಂಚಿ.

ಮೊದಲ ಪಾಲು ಧ್ವನಿಗೆ. ಖ್ಯಾತ ಭಾಗವತ, ಅಂದರೆ ಯಕ್ಷಗಾನದ ಹಾಡುಗಾರ, ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತರ ಆಸುಪಾಸು. ಎಚ್‌ಡಿ ಎಂಬ ಮಾತು ನಮ್ಮ ಕಡೆ ಯಾರ ಕಿವಿಗೂ ಬಿದ್ದಿರದ ಕಾಲ. ಇವತ್ತಿಗೂ ಅವರ ಪದ್ಯ ಕೇಳಿ ಕಲಿಯುವ ಎಳೆಯ ಭಾಗವತರಿದ್ದಾರೆ. ಅವರಿಗೆ ಒದಗಿದ್ದು ಕ್ಯಾಸೆಟ್ಟುಗಳು, ಬರೀ ಧ್ವನಿ. ಚಿತ್ರ ಮಸುಕಾಗಿದ್ದು ಪದ್ಯ ಸ್ಪಷ್ಟವಿದ್ದರೆ ಆ ಆಟವನ್ನು ಮೂವತ್ತು ವರ್ಷದ ಮೇಲೂ ಜನ ಹುಡುಕಿಕೊಂಡು ಬರುತ್ತಾರೆ. ಚಿತ್ರ ಹೊಳೆಯುತ್ತಿದ್ದು ಪದ್ಯ ಒಡೆದುಹೋಗಿದ್ದರೆ ಐದು ನಿಮಿಷಕ್ಕೆ ಮುಚ್ಚಿಬಿಡುತ್ತಾರೆ.

ಕ್ಯಾಮರಾದೊಳಗಿನ ಮೈಕಿಗೆ ಚಂಡೆ ಎಂದರೇನೆಂದು ಗೊತ್ತಿಲ್ಲ. ಧ್ವನಿಮಟ್ಟವನ್ನು ಅದು ತಾನಾಗಿಯೇ ಹೊಂದಿಸಿಕೊಳ್ಳುತ್ತದೆ. ಚಂಡೆಯ ಪೆಟ್ಟು ಬಿದ್ದ ಕೂಡಲೇ ಬೆದರಿ ಎಲ್ಲವನ್ನೂ ತಗ್ಗಿಸುತ್ತದೆ, ಭಾಗವತರ ಸ್ವರವೂ ಜೊತೆಗೆ ಮುಳುಗುತ್ತದೆ. ಪೆಟ್ಟು ನಿಂತ ಮೇಲೆ ಪದ್ಯ ಮೆಲ್ಲಗೆ ಮೇಲೇಳುತ್ತದೆ, ಅಷ್ಟರಲ್ಲಿ ಮತ್ತೊಂದು ಪೆಟ್ಟು. ಏರುದನಿಯ ಬಿರುಸಾದ ಪದ್ಯವೊಂದನ್ನು ಹೀಗೆ ಕೇಳಿ ನೋಡಿ, ತಲೆನೋವು ಬರುತ್ತದೆ. ಇನ್ನು, ಮೈಕ್‌ಸೆಟ್ಟಿನ ಮಿಕ್ಸರ್‌ನಿಂದ ಒಂದು ವೈರ್ ಎಳೆದರೆ ಸಾಕೆಂದು ನಿಮಗೆ ಹೇಳುವವರು ಸಿಗುತ್ತಾರೆ. ಅದೂ ಸಾಲದು. ಚಂಡೆಯ ಸದ್ದು ಸಭೆಗೆ ತಾನಾಗಿಯೇ ಕೇಳುವುದರಿಂದ ಹಲವು ಕಡೆ ಅದಕ್ಕೆ ಮೈಕನ್ನೇ ಇಟ್ಟಿರುವುದಿಲ್ಲ. ಆ ವೈರಿನಲ್ಲಿ ಪದ್ಯ ಬರುತ್ತದೆ, ಮದ್ದಳೆ ಬರುತ್ತದೆ, ಚಂಡೆ ಬೇರೆಯವರ ಮೈಕಿಗೆ ತಾಗಿ ಸೋರಿದಷ್ಟು ಮಾತ್ರ. ಗೆಜ್ಜೆ ಇಲ್ಲವೇ ಇಲ್ಲ. ಆದ್ದರಿಂದ ಭಾಗವತರು, ಮದ್ದಳೆ, ಚಂಡೆ, ರಂಗದ ಮಾತು ಪ್ರತ್ಯೇಕ ಟ್ರ್ಯಾಕಿನಲ್ಲಿ ದಾಖಲಾಗಲಿ. ರಂಗದ ಮುಂಚೂಣಿಯಲ್ಲಿ ಗೆಜ್ಜೆ ಮತ್ತು ಸಭೆಯ ಸದ್ದಿಗಾಗಿ ಇನ್ನೆರಡು ಮೈಕ್ ಇರಲಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಟ ಮುಗಿಯುವವರೆಗೆ ಅದನ್ನೇ ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ಮೂರನೆಯ ಕ್ಯಾಮರಾ ಬಿಟ್ಟರೆ ಅವನ ಸಂಬಳ ಹುಟ್ಟುತ್ತದೆ.

ಬೆಳಕಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೇರಳೆ, ನೀಲಿ ಎಲ್‌ಇಡಿ ದೀಪಗಳನ್ನು ವೇಷದ ಮುಖಕ್ಕೆ ಬಿಡುವ ಚಟ ಈಗ ಎಲ್ಲ ಕಡೆ ಹಬ್ಬಿದೆ. ಕನ್ನಡಿಯ ಮುಂದೆ ಎರಡು ತಾಸು ಕೂತು ಬರೆದುಕೊಂಡ ಮುಖವರ್ಣಿಕೆ ಆ ಬೆಳಕಿನಲ್ಲಿ ಸತ್ತೇಹೋಗುತ್ತದೆ. ನೇರಳೆ ಮುಖವನ್ನು ಫೋರ್‌ಕೆಯಲ್ಲಿ ತೆಗೆದರೆ ಇನ್ನಷ್ಟು ಸ್ಪಷ್ಟವಾದ ನೇರಳೆ ಮುಖ ಸಿಗುತ್ತದೆ, ಅಷ್ಟೇ. ಒಂದೇ ಬಗೆಯ ಬಿಳಿ ಬೆಳಕು ಸಾಕು. ಹಿಂದಿನ ಪರದೆ ಕಪ್ಪಾಗಿದ್ದರೆ ಕ್ಯಾಮರಾದ ಸ್ವಯಂಚಾಲಿತ ಬೆಳಕು ಹೊಂದಾಣಿಕೆಯನ್ನು ಆರಿಸಿಬಿಡಲು ಹೇಳಿ. ಇಲ್ಲದಿದ್ದರೆ ಅದು ಕತ್ತಲೆಯನ್ನು ಬೆಳಗಿಸಲು ಹೋಗಿ ವೇಷದ ಮುಖವನ್ನು ಸುಣ್ಣ ಬಳಿದ ಗೋಡೆ ಮಾಡುತ್ತದೆ. ದೀಪ ಮಿಣುಕಿದಂತೆ ಕಂಡರೆ ಶಟರ್ ವೇಗ 1/50 ಅಥವಾ 1/100ರಲ್ಲಿದೆಯೇ ಎಂದು ನೋಡಿಕೊಳ್ಳಲಿ, ನಮ್ಮ ವಿದ್ಯುತ್ತು 50 ಹರ್ಟ್ಸಿನದ್ದು.

ಈಗ ಕ್ಯಾಮರಾ. ಸ್ಟುಡಿಯೋದವರು ಮದುವೆಯಲ್ಲಿ ಪಳಗಿದವರು. ಎಲ್ಲಿ ಮುಖ ಕಂಡರೂ ಹತ್ತಿರಕ್ಕೆ ಎಳೆಯುವುದು ಅವರ ಅಭ್ಯಾಸ. ಒಡ್ಡೋಲಗದಲ್ಲಿ, ಅಂದರೆ ಪ್ರವೇಶದ ಕುಣಿತದಲ್ಲಿ, ವೇಷ ಹೆಜ್ಜೆ ಹಾಕುತ್ತಿರುವಾಗ ತೆರೆಯ ತುಂಬ ಕಿರೀಟ ಮಾತ್ರ, ಕಾಲು ಎಲ್ಲಿ ಬಿತ್ತೆಂದು ನೋಡುಗನಿಗೆ ತಿಳಿಯುವುದಿಲ್ಲ. ಮಂಡಿ ಹೊಡೆಯುವ (ಮೊಣಕಾಲ ಮೇಲೆ ಗಿರಕಿ ಹೊಡೆಯುವ) ಹೊತ್ತಿಗೆ ಸರಿಯಾಗಿ ಮುಂದಿನ ಸಾಲಿನ ಗಣ್ಯರನ್ನು ತೋರಿಸುತ್ತಾರೆ. ಭಾಗವತರು ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡದ್ದು ವೇಷಧಾರಿಯ ಯಾವ ಸನ್ನೆಗೆ, ಚಂಡೆಯವರು ಕೈ ಹಗುರ ಮಾಡಿದ್ದು ಯಾವ ಹೆಜ್ಜೆಗೆ ಎಂಬುದು ಹಾಡು-ವಾದ್ಯದ ಹಿಮ್ಮೇಳ, ವೇಷಧಾರಿಗಳ ಮುಮ್ಮೇಳ ಎರಡೂ ಒಂದೇ ಚೌಕಟ್ಟಿನಲ್ಲಿದ್ದರೆ ಮಾತ್ರ ಗೊತ್ತಾಗುತ್ತದೆ. ಕಲಿಯುವವನಿಗೆ ಬೇಕಾದದ್ದು ಅದು. ಹಾಗಾಗಿ ಒಂದು ಕ್ಯಾಮರಾ ಸಭೆಯ ನಡುವೆ, ಕೂತವರ ತಲೆಗಿಂತ ಮೇಲೆ, ಇಡೀ ರಂಗ ಹಿಡಿಯುವಂತೆ ಅಲುಗದೆ ನಿಲ್ಲಲಿ. ಆಟ ಮುಗಿಸುವ ಮಂಗಳದವರೆಗೆ ಅದನ್ನು ಯಾರೂ ಮುಟ್ಟಬಾರದು.

ಫೋರ್‌ಕೆಗೆ ಕೊಡುವ ಹಣ ಸಾರ್ಥಕವಾಗುವುದು ಈ ಅಲುಗದ ಕ್ಯಾಮರಾದಲ್ಲಿ. ಲೆಕ್ಕ ನೋಡಿ. ರಂಗದ ಅಗಲ ಇಪ್ಪತ್ತು ಅಡಿ ಎನ್ನೋಣ, ಮುಖದ ಅಗಲ ಅರ್ಧ ಅಡಿ. ಅಂದರೆ ಚೌಕಟ್ಟಿನ ನಲವತ್ತನೆಯ ಒಂದು ಪಾಲು ಮುಖ. ವಿಎಚ್‌ಎಸ್ ಎಂಬ ಹಳೆಯ ವಿಡಿಯೋ ಟೇಪಿನ ಅಡ್ಡ ವಿವರ ಹೆಚ್ಚೆಂದರೆ 320 ಚುಕ್ಕೆಗಳಷ್ಟು, ಮುಖಕ್ಕೆ ಸಿಕ್ಕಿದ್ದು ಎಂಟು. ಎಂಟು ಚುಕ್ಕೆಯಲ್ಲಿ ಕಣ್ಣಾವುದು, ಮೀಸೆಯಾವುದು? ಫುಲ್ ಎಚ್‌ಡಿಯ ಅಗಲ 1920, ಮುಖಕ್ಕೆ 48. ಫೋರ್‌ಕೆಯ ಅಗಲ 3840, ಮುಖಕ್ಕೆ 96. ಹುಬ್ಬು ಏರಿದ್ದು, ಕಣ್ಣು ಹೊರಳಿದ್ದು ಅಷ್ಟರಲ್ಲಿ ಕಾಣುತ್ತದೆ. ಖ್ಯಾತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ಹಳೆಯ ಟೇಪಿನಲ್ಲಿ ನೋಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಮೈಯ ಮಿಂಚು ಟೇಪಿಗೆ ದಕ್ಕಿತು, ಕಣ್ಣಿನದು ದಕ್ಕಲಿಲ್ಲ. ಮೇಲಾಗಿ ಒಂದು ಫೋರ್‌ಕೆ ಚಿತ್ರದೊಳಗೆ ನಾಲ್ಕು ಫುಲ್ ಎಚ್‌ಡಿ ಚಿತ್ರಗಳಷ್ಟು ಚುಕ್ಕೆಗಳಿರುವುದರಿಂದ, ಬೇಕಾದ ಭಾಗವನ್ನು ಆಮೇಲೆ ಕತ್ತರಿಸಿ ಹಿಗ್ಗಿಸಿಕೊಳ್ಳಬಹುದು. ಹೆಚ್ಚಿನ ಕ್ಯಾಮರಾದ ಕೆಲಸ ಅಲ್ಲೇ ಆಗುತ್ತದೆ. ಎರಡನೆಯದೊಂದು ಅಭಿನಯವನ್ನು ಹತ್ತಿರದಿಂದ ಹಿಡಿಯಲಿ, ಅದು ಸಾಮಾನ್ಯ ಎಚ್‌ಡಿ ಆದರೂ ನಡೆಯುತ್ತದೆ. ಎರಡರಲ್ಲೂ ಸೆಕೆಂಡಿಗೆ 25 ಚಿತ್ರದ ಬದಲು 50 ಚಿತ್ರ ಕೇಳಿ. ಗಿರಕಿ ಹೊಡೆಯುವಾಗ ಹೆಜ್ಜೆ ಕಲಸಿಹೋಗುವುದು ಕಡಿಮೆಯಾಗುತ್ತದೆ.

ಕ್ರೇನಿನ ಹಣ ಉಳಿಯಿತಲ್ಲ, ಅದರಲ್ಲಿ ವೇಷ ಕಟ್ಟುವ ಕೋಣೆಯಾದ ಚೌಕಿಯನ್ನು ಚಿತ್ರೀಕರಿಸಿ. ಹಿರಿಯರು ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟಿಕೊಳ್ಳುವ ಕ್ರಮ, ಹಗ್ಗ ಯಾವ ಕಡೆಯಿಂದ ಸುತ್ತುತ್ತಾರೆ, ಗಂಟು ಎಲ್ಲಿ ಬೀಳುತ್ತದೆ, ಹಣೆಯ ನಾಮ ಎಲ್ಲಿಂದ ಎಳೆಯುತ್ತಾರೆ ಎಂಬುದು ರಂಗದ ಮೇಲೆ ಕಾಣುವುದಿಲ್ಲ. ಮನೆಮನೆಗೂ ಬೇರೆ ಬೇರೆ ಕ್ರಮವಿರುತ್ತದೆ. ನಿಮ್ಮ ಇಡೀ ಯೋಜನೆಯಲ್ಲಿ ಹೆಚ್ಚು ಬೆಲೆಬಾಳುವ ಎರಡು ತಾಸು ಬಹುಶಃ ಇದೇ ಆದೀತು. ಅವರ ಒಪ್ಪಿಗೆ ಮೊದಲೇ ಪಡೆಯಿರಿ. ಚೌಕಿಯೊಳಗೆ ಕ್ಯಾಮರಾ ಬಂದರೆ ಸಹಿಸದವರಿದ್ದಾರೆ, ಅವರನ್ನು ಬಲವಂತ ಮಾಡಬೇಡಿ.

ಪೆನ್‌ಡ್ರೈವ್ ನೋಡಿ ನಗು ಬಂತು. ಸಂಕಲನಗೊಂಡ ಪ್ರತಿ ಮಾತ್ರ ನಿಮಗೆ ಕೊಟ್ಟು, ಮೂಲ ಕಡತಗಳನ್ನು ಸ್ಟುಡಿಯೋದವರು ಮುಂದಿನ ಮದುವೆಗೆ ಜಾಗ ಬೇಕೆಂದು ಅಳಿಸುತ್ತಾರೆ. ಮೂಲ ಕಡತಗಳೆಲ್ಲ ಸಂಘದವು ಎಂದು ಮುಂಗಡ ಕೊಡುವಾಗಲೇ ಬರೆಸಿಕೊಳ್ಳಿ. ಸೆಕೆಂಡಿಗೆ 150 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ ಸುಮಾರು 68 ಜಿಬಿ, ಮೂರೂವರೆ ಗಂಟೆಯ ಆಟಕ್ಕೆ ಒಂದು ಕ್ಯಾಮರಾದಿಂದ 240 ಜಿಬಿಯ ಹತ್ತಿರ. ಒಂದು ಟಿಬಿಯ ಹಾರ್ಡ್‌ಡಿಸ್ಕಿನಲ್ಲಿ ಎಲ್ಲವೂ ಹಿಡಿಯುತ್ತದೆ. ಅಂಥ ಎರಡನ್ನು ಕೊಳ್ಳಿ, ಒಂದನ್ನು ಬೇರೆ ಊರಿನಲ್ಲಿಡಿ, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲು ಮಾಡಿ. ಕಾರವಾರದಿಂದ ಭಟ್ಕಳದವರೆಗೆ ಎಷ್ಟು ಮನೆಗಳ ಕಪಾಟಿನಲ್ಲಿ ವಿಡಿಯೋ ಕ್ಯಾಸೆಟ್‌ಗಳು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಕೂತಿವೆಯೋ! ವಿಎಚ್‌ಎಸ್ ಪ್ಲೇಯರ್ ತಯಾರಿಸುತ್ತಿದ್ದ ಕೊನೆಯ ಕಂಪನಿ 2016ರಲ್ಲಿಯೇ ನಿಲ್ಲಿಸಿತು. ಬೂಷ್ಟು ಒರೆಸಿದರೂ ಹಾಕಿ ನೋಡಲು ಯಂತ್ರ ಹುಡುಕಬೇಕು.

ಮೆಟ್ರೊಪಾಲಿಟನ್ ಒಪೆರಾದವರು ಎಚ್‌ಡಿ ನೇರಪ್ರಸಾರ ಆರಂಭಿಸಿದ್ದು 2006ರ ಡಿಸೆಂಬರಿನಲ್ಲಿ, ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಲ್ಲಿ. ಅವರದ್ದನ್ನು ಜನ ಚಿತ್ರಮಂದಿರಕ್ಕೆ ಹೋಗಿ ಟಿಕೆಟ್ ಕೊಂಡು ನೋಡುತ್ತಾರೆ. ನಿಮ್ಮ ಆಟಕ್ಕೆ ಶಿರಸಿಯ ಚಿತ್ರಮಂದಿರದಲ್ಲಿ ಟಿಕೆಟ್ ಹರಿಯುವುದಿದೆಯೇ? ಹಾಕಿದ ಹಣ ವಾಪಸು ಬರುವುದಿಲ್ಲ. ಗ್ರಂಥಾಲಯಕ್ಕೆ ಪುಸ್ತಕ ಕೊಂಡ ಹಾಗೆ ಇದು, ಖಜಾಂಚಿಗಳು ಆ ಕಲಮಿನಲ್ಲಿಯೇ ಬರೆದುಕೊಳ್ಳಲಿ. ಆದ್ದರಿಂದ ಪ್ರತಿ ವರ್ಷದ ಆಟಕ್ಕೂ ಹೀಗೆ ಖರ್ಚು ಮಾಡಿ ಎನ್ನಲಾರೆ. ಈ ಸಲ ಒಟ್ಟಾಗುವವರು ಮತ್ತೊಮ್ಮೆ ಒಟ್ಟಾಗುವುದು ಅನುಮಾನ, ಅದಕ್ಕಾಗಿ ಈ ಸಲ ಮಾಡಿ.

ಒಂದು ಕಾಗದ ಪತ್ರದ ಕೆಲಸವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಪ್ರದರ್ಶನ ನೀಡಿದ ಕಲಾವಿದನಿಗೆ ಐವತ್ತು ವರ್ಷದ ಹಕ್ಕಿದೆ, 2012ರ ತಿದ್ದುಪಡಿ ಅದನ್ನು ಬಲಪಡಿಸಿದೆ. ಬೋಧನೆಗೆ, ಸಂಶೋಧನೆಗೆ ವಿನಾಯಿತಿ ಉಂಟು, ಯೂಟ್ಯೂಬಿಗೆ ಹಾಕಿ ಜಾಹೀರಾತಿನ ಹಣ ಪಡೆಯುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ಮುಮ್ಮೇಳ, ಹಿಮ್ಮೇಳದ ಎಲ್ಲರಿಂದಲೂ ಒಪ್ಪಿಗೆಗೆ ಸಹಿ ಪಡೆಯಿರಿ. ಪ್ರಸಂಗಕರ್ತರು, ಅಂದರೆ ಆಟದ ಪದ್ಯಗಳನ್ನು ಬರೆದವರು, ಬದುಕಿದ್ದರೆ, ಅಥವಾ ತೀರಿಕೊಂಡು ಅರವತ್ತು ವರ್ಷ ಆಗಿರದಿದ್ದರೆ, ಅವರ ಕಡೆಯವರನ್ನೂ ಕೇಳಿ. ಪ್ರತಿಯೊಬ್ಬ ಕಲಾವಿದರ ಮನೆಗೂ ಒಂದು ಪ್ರತಿ ಹೋಗಲಿ, ಎಷ್ಟೋ ವೇಷಧಾರಿಗಳು ತಮ್ಮ ವೇಷವನ್ನು ತಾವೇ ಪೂರ್ತಿ ನೋಡಿರುವುದಿಲ್ಲ.

ಖಜಾಂಚಿಗಳ ಅಂಜಿಕೆಗೆ ನನ್ನಲ್ಲಿ ಅಷ್ಟು ಸಹಾನುಭೂತಿ ಇಲ್ಲ. ಮೊಬೈಲಿನಲ್ಲಿ ಮೂರೂವರೆ ಗಂಟೆ ಆಟ ನೋಡುವವನು ಮೊದಲೇ ಯಕ್ಷಗಾನದ ಹುಚ್ಚು ಹತ್ತಿದವನು, ಅವನು ನಿಮ್ಮ ಸಭಾಭವನಕ್ಕೂ ಬರುತ್ತಾನೆ. ಆದರೂ ಅವರ ಸಮಾಧಾನಕ್ಕೆ ಒಂದೆರಡು ಪದ್ಯದ ಭಾಗವನ್ನಷ್ಟೇ ಮೊದಲು ಹಾಕಿ, ಪೂರ್ತಿ ಆಟವನ್ನು ವರ್ಷ ಕಳೆದ ಮೇಲೆ ಹಾಕಬಹುದು. ಆಟದ ದಿನ ನಿಶ್ಚಯವಾದ ಕೂಡಲೇ ತಿಳಿಸಿ. ನಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಸೇರಿಸಬೇಕಾದರೆ ಹಿಂದಿನ ತಿಂಗಳ ಇಪ್ಪತ್ತನೇ ತಾರೀಕಿನೊಳಗೆ ಪತ್ರ ಕೈಸೇರಬೇಕು.

– ಸಂಪಾದಕ